ಕೊರೆಯುವ ಚಳಿಯಲ್ಲಿ ಸ್ನೋಮೊಬೈಲ್ ಸ್ಟಾರ್ಟ್ ಆಗದಿದ್ದರೆ

ಅಮೆರಿಕದ ಮಿನೆಸೋಟಾ ರಾಜ್ಯದ ಉತ್ತರ ಭಾಗದಲ್ಲಿ ಜನವರಿಯ ಬೆಳಗಿನ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಅಪರೂಪವೇನಲ್ಲ. ಅಲ್ಲಿನ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ದಾಖಲಾಗಿತ್ತು. ಸ್ನೋಮೊಬೈಲ್ ಎಂದರೆ ಮುಂದೆ ಜಾರುವ ಸ್ಕೀಗಳೂ ಹಿಂದೆ ಸುತ್ತುವ ರಬ್ಬರ್ ಪಟ್ಟಿಯೂ (ಟ್ರ್ಯಾಕ್) ಇದ್ದು ಹಿಮದ ಮೇಲೆ ಓಡುವ ಗಾಡಿ. ಪೊಲಾರಿಸ್ ಮತ್ತು ಆರ್ಕ್ಟಿಕ್ ಕ್ಯಾಟ್ ಕಂಪನಿಗಳ ಸ್ನೋಮೊಬೈಲುಗಳು ಹುಟ್ಟಿದ ರೋಸೋ ಹಾಗೂ ಥೀಫ್ ರಿವರ್ ಫಾಲ್ಸ್ ಇರುವುದೂ ಇದೇ ರಾಜ್ಯದ ಉತ್ತರದಲ್ಲಿ. ಚಳಿಗೆಂದೇ ಹುಟ್ಟಿದ ಈ ವಾಹನವೂ ಚಳಿ ಮಿತಿಮೀರಿದ ಬೆಳಗ್ಗೆ ಕೈಕೊಡುತ್ತದೆ, ಮತ್ತು ಹಾಗೆ ಕೈಕೊಟ್ಟಾಗ ನಾವು ಮಾಡುವ ಮೊದಲ ಕೆಲಸವೇ ಅನೇಕ ಸಲ ತೊಂದರೆಯನ್ನು ದೊಡ್ಡದು ಮಾಡುತ್ತದೆ.

ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿದ ಕನ್ನಡಿಗರಲ್ಲಿ ನನಗೆ ಪರಿಚಯವಿರುವ ಕೆಲವರು ಈಚೆಗೆ ಹಳೆಯ ಸ್ನೋಮೊಬೈಲುಗಳನ್ನು ಕೊಂಡಿದ್ದಾರೆ. ಹಳೆಯವು ಎಂದರೆ ಹೆಚ್ಚಾಗಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಇರುವ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಟು-ಸ್ಟ್ರೋಕ್ ಗಾಡಿಗಳು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಗಾಡಿಗಳ ವಿಷಯವೂ ಮುಂದೆ ಬರುತ್ತದೆ, ಆದರೆ ಅವುಗಳಲ್ಲಿ ಮನೆಯಲ್ಲಿ ಕುಳಿತು ಸರಿಪಡಿಸಬಹುದಾದದ್ದು ಕಡಿಮೆ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ

ಹಗ್ಗಕ್ಕೆ ಕೈಹಾಕುವ ಮೊದಲು ಎರಡು ನಿಮಿಷ ಗಾಡಿಯನ್ನು ಸುತ್ತಿ ನೋಡುವುದು ಒಳ್ಳೆಯದು. ಒತ್ತಿದರೆ ಎಂಜಿನ್ನನ್ನು ನಿಲ್ಲಿಸುವ, ಹ್ಯಾಂಡಲ್ ಮೇಲಿನ ಕೆಂಪು ಬಣ್ಣದ ಕಿಲ್ ಸ್ವಿಚ್ ಒತ್ತಿಕೊಂಡಿದೆಯೇ, ಸವಾರ ಬಿದ್ದರೆ ಎಂಜಿನ್ ನಿಲ್ಲಲೆಂದು ಜಾಕೆಟಿಗೆ ಸಿಕ್ಕಿಸಿಕೊಳ್ಳುವ ದಾರದ ತುದಿಯ ಟೋಪಿ ತನ್ನ ಜಾಗದಲ್ಲಿ ಪೂರ್ತಿ ಕುಳಿತಿದೆಯೇ, ಕೀಲಿ ಆನ್ ಆಗಿದೆಯೇ, ಪೆಟ್ರೋಲ್ ಕಾಕ್ ತೆರೆದಿದೆಯೇ ಎಂಬುದನ್ನು ಒಂದೊಂದಾಗಿ ಮುಟ್ಟಿ ಖಚಿತಪಡಿಸಿಕೊಳ್ಳಿ. ಆ ಟೋಪಿಯ ಒಳಗೆ ಸ್ವಲ್ಪ ಹಿಮ ಸೇರಿಕೊಂಡಿದ್ದರೂ ಅದು ಸರಿಯಾಗಿ ಕೂರುವುದಿಲ್ಲ, ಹೊರಗಿನಿಂದ ನೋಡಿದರೆ ಮಾತ್ರ ಕುಳಿತಂತೆಯೇ ಕಾಣುತ್ತದೆ.

ಇದಾದ ಮೇಲೆ ಬಲಗೈ ಹೆಬ್ಬೆರಳಿನಿಂದ ಥ್ರಾಟಲ್ (ಆಕ್ಸಿಲರೇಟರ್) ಲಿವರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಅದು ಟಪ್ಪೆಂದು ಹಿಂದಕ್ಕೆ ಬರಬೇಕು. ನಿಧಾನವಾಗಿ ಬಂದರೆ ಅಥವಾ ಅರ್ಧದಲ್ಲೇ ನಿಂತರೆ, ಕೇಬಲಿನ ಒಳಗೆ ಇಲ್ಲವೇ ಕಾರ್ಬ್ಯುರೇಟರಿನ ಒಳಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡಿನಲ್ಲಿ ನೀರು ಹೆಪ್ಪುಗಟ್ಟಿದೆ ಎಂದರ್ಥ. ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಎಂಜಿನ್ ಸ್ಟಾರ್ಟ್ ಮಾಡಬಾರದು, ಏಕೆಂದರೆ ಥ್ರಾಟಲ್ ತೆರೆದೇ ಇರುವ ಗಾಡಿ ಸ್ಟಾರ್ಟ್ ಆದ ಕ್ಷಣವೇ ಸವಾರನನ್ನು ಬಿಟ್ಟು ಮುಂದಕ್ಕೆ ನುಗ್ಗುತ್ತದೆ. ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ: ಕೆಲವು ಗಾಡಿಗಳಲ್ಲಿ ಥ್ರಾಟಲ್ ಲಿವರಿನ ಬುಡದಲ್ಲಿಯೇ ಒಂದು ಸುರಕ್ಷತಾ ಸ್ವಿಚ್ ಇದ್ದು, ಸ್ಲೈಡ್ ಮೇಲೆಯೇ ಸಿಕ್ಕಿಕೊಂಡು ಕೇಬಲ್ ಸಡಿಲವಾದರೆ ಅದು ಕಿಡಿಯನ್ನೇ ಕಡಿದುಹಾಕುತ್ತದೆ. ಎಂಜಿನ್ ಒಮ್ಮೆ ಗುಡುಗಿ ತಕ್ಷಣ ನಿಂತುಹೋಗುತ್ತಿದ್ದರೆ ಪ್ಲಗ್, ಪೆಟ್ರೋಲ್ ಎಂದು ಹುಡುಕುವ ಮೊದಲು ಈ ಕೇಬಲಿನ ಸಡಿಲವನ್ನು ನೋಡಿ.

ಎಂಜಿನ್ ಮುಚ್ಚಳವನ್ನು ತೆಗೆದು ಗಾಳಿ ಒಳಹೋಗುವ ದಾರಿಯನ್ನೂ ಪರೀಕ್ಷಿಸಬೇಕು. ರಾತ್ರಿ ಗಾಳಿಗೆ ಹಾರಿಬಂದ ಪುಡಿ ಹಿಮ ಫಿಲ್ಟರಿನ ಸ್ಪಂಜಿನ ಮೇಲೆ ಹಾಳೆಯಂತೆ ಕುಳಿತಿರುತ್ತದೆ. ಬೇಸಿಗೆಯಿಡೀ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯಾದರೆ ಏರ್‌ಬಾಕ್ಸಿನೊಳಗೆ ಮತ್ತು ಸೈಲೆನ್ಸರಿನ ಬಾಯಲ್ಲಿ ಇಲಿ ಗೂಡು ಕಟ್ಟಿರುವ ಸಾಧ್ಯತೆ ಬಹಳ. ಒಮ್ಮೆ ನಾನು ಸೀಟಿನೊಳಗಿನ ಫೋಮಿನ ಚೂರುಗಳು, ಒಣಹುಲ್ಲು, ಬಟ್ಟೆಯ ಎಳೆ ಎಲ್ಲವನ್ನೂ ಸೇರಿಸಿ ಒತ್ತಾಗಿ ಹೆಣೆದ, ಎರಡು ಬೊಗಸೆ ತುಂಬುವಷ್ಟು ದೊಡ್ಡ ಗೂಡನ್ನು ಅಲ್ಲಿಂದ ಹೊರತೆಗೆದಿದ್ದೇನೆ. ಉಸಿರಾಡಲು ದಾರಿಯೇ ಇಲ್ಲದ ಎಂಜಿನ್ನಿಗೆ ಎಷ್ಟು ಹಗ್ಗ ಎಳೆದರೂ ವ್ಯರ್ಥ.

ಚೋಕ್ ಎಂದು ಕರೆಯುವುದು ಚೋಕ್ ಅಲ್ಲ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ತುಳಿದು ಬೆಳೆದವರಿಗೆ ಟು-ಸ್ಟ್ರೋಕ್ ಎಂಜಿನ್ ಹೊಸದಲ್ಲ. ಕಾರ್ಬ್ಯುರೇಟರಿನ ಗುಂಡಿಯನ್ನು ಒತ್ತಿ, ಪೆಟ್ರೋಲ್ ಜಿನುಗಿದ್ದನ್ನು ನೋಡಿ, ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ ಕಿಕ್ ಹೊಡೆಯುತ್ತಿದ್ದ ಅಭ್ಯಾಸ ನನಗೂ ಇತ್ತು. ಇಲ್ಲಿನ ನನ್ನ ಮೊದಲ ಚಳಿಗಾಲದಲ್ಲಿ ಅದೇ ಅಭ್ಯಾಸದಿಂದ, ಥ್ರಾಟಲನ್ನು ಅರ್ಧ ಒತ್ತಿ ಹಿಡಿದು, ನಲವತ್ತು ಸಲವಾದರೂ ಹಗ್ಗ ಎಳೆದಿರಬೇಕು. ಪಕ್ಕದ ಮನೆಯ ವೃದ್ಧರು ಹೊರಬಂದು ಸ್ವಲ್ಪ ಹೊತ್ತು ನೋಡಿ, ಏನೂ ಮಾತನಾಡದೆ, ಕೈಗವಸು ತೊಟ್ಟ ತಮ್ಮ ಬೆರಳಿನಿಂದ ನನ್ನ ಹೆಬ್ಬೆರಳನ್ನು ಲಿವರಿನ ಮೇಲಿಂದ ಸರಿಸಿದರು. ಪ್ಲಗ್‌ಗಳನ್ನು ಬಿಚ್ಚಿ ಒರೆಸಿ ಮತ್ತೆ ಹಾಕಿದ ಮೇಲೆ ಎರಡನೆಯ ಎಳೆತಕ್ಕೇ ಎಂಜಿನ್ ಹೊತ್ತಿಕೊಂಡಿತು.

ಕಾರಣ ಸರಳವಾದದ್ದು, ಆದರೆ ತಿಳಿದಿರಲೇಬೇಕಾದದ್ದು. ಪೆಟ್ರೋಲ್ ದ್ರವವಾಗಿರುವಾಗ ಉರಿಯುವುದಿಲ್ಲ, ಅದರ ಆವಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ಕಡು ಚಳಿಯಲ್ಲಿ ಒಳಗೆ ಹೋದ ಪೆಟ್ರೋಲಿನಲ್ಲಿ ಆವಿಯಾಗುವುದು ಸ್ವಲ್ಪ ಭಾಗ ಮಾತ್ರವಾದ್ದರಿಂದ, ಉರಿಯುವಷ್ಟು ಆವಿ ಸಿಗಬೇಕಾದರೆ ಹೆಚ್ಚು ಪೆಟ್ರೋಲನ್ನು ಒಳಗೆ ಕಳಿಸಬೇಕಾಗುತ್ತದೆ. ಹಳೆಯ ಕಾರುಗಳ ಚೋಕ್ ಗಾಳಿಯ ದಾರಿಯನ್ನು ಮುಚ್ಚಿ ಈ ಕೆಲಸ ಮಾಡುತ್ತಿತ್ತು. ಬಹುಪಾಲು ಸ್ನೋಮೊಬೈಲುಗಳ ಕಾರ್ಬ್ಯುರೇಟರಿನಲ್ಲಿ ಅಂಥ ಮುಚ್ಚಳವಿಲ್ಲ. ನಾವು ಚೋಕ್ ಎಂದು ಮೇಲೆತ್ತುವ ಲಿವರ್ ಒಂದು ಬೇರೆಯೇ ಕಿರುದಾರಿಯನ್ನು ತೆರೆಯುತ್ತದೆ. ಥ್ರಾಟಲ್ ಪೂರ್ತಿ ಮುಚ್ಚಿದ್ದು, ಪಿಸ್ಟನ್ ಎಳೆಯುವ ಸೆಳೆತವೆಲ್ಲ ಆ ಕಿರುದಾರಿಯ ಮೇಲೆಯೇ ಬಿದ್ದಾಗ ಅಲ್ಲಿಂದ ಹೆಚ್ಚುವರಿ ಪೆಟ್ರೋಲ್ ಮೇಲೇರುತ್ತದೆ. ಥ್ರಾಟಲನ್ನು ಒತ್ತಿದಿರೋ, ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಸೆಳೆತ ಕುಸಿಯುತ್ತದೆ, ಚೋಕ್ ಇದ್ದೂ ಇಲ್ಲದಂತಾಗುತ್ತದೆ. ಆದ್ದರಿಂದ ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡುವಾಗ ಚೋಕ್ ಪೂರ್ತಿ ಮೇಲಿರಬೇಕು, ಹೆಬ್ಬೆರಳು ಥ್ರಾಟಲಿನಿಂದ ದೂರವಿರಬೇಕು. ಹೊತ್ತಿಕೊಂಡ ಮೇಲೆ ಚೋಕನ್ನು ಅರ್ಧಕ್ಕೆ ಇಳಿಸಿ, ಥ್ರಾಟಲನ್ನು ತುಸುವೇ ಮುಟ್ಟುತ್ತ ಎಂಜಿನ್ ನಿಲ್ಲದಂತೆ ನೋಡಿಕೊಳ್ಳಿ.

ಡ್ಯಾಶ್‌ಬೋರ್ಡಿನಲ್ಲಿ ಎಳೆದು ಒತ್ತುವ ಪ್ರೈಮರ್ ಗುಬುಟು (ಪೆಟ್ರೋಲನ್ನು ನೇರವಾಗಿ ಎಂಜಿನ್ ಕಡೆಗೆ ತಳ್ಳುವ ಪುಟ್ಟ ಪಂಪ್) ಇದ್ದರೆ ಎರಡು ಮೂರು ಸಲ ಒತ್ತಿದರೆ ಸಾಕು. ಒತ್ತುವಾಗ ಕೈಗೆ ಬಿಗಿ ತಿಳಿಯಬೇಕು. ಬರಿದಾಗಿ ಒಳಹೋಗುತ್ತಿದ್ದರೆ ಅದರ ಸಣ್ಣ ಪೈಪ್ ಚಳಿಗೆ ಸೆಟೆದು ಬಿರುಕು ಬಿಟ್ಟಿರಬಹುದು.

ಹಗ್ಗ ಎಳೆಯುವುದಕ್ಕೂ ಒಂದು ರೀತಿಯಿದೆ. ಮೊದಲು ನಿಧಾನವಾಗಿ ಎಳೆದು ಒಳಗಿನ ಹಲ್ಲು ಕಚ್ಚಿಕೊಂಡದ್ದನ್ನು ಕೈಯಲ್ಲಿ ತಿಳಿದುಕೊಳ್ಳಿ, ಆಮೇಲೆ ಅಲ್ಲಿಂದ ವೇಗವಾಗಿ, ಆದರೆ ಹಗ್ಗದ ಕೊನೆಯ ತನಕ ಹೋಗದಂತೆ ಎಳೆಯಿರಿ. ಹಿಡಿಯನ್ನು ಕೈಬಿಡದೆ ಹಿಂದಕ್ಕೆ ಕೊಂಡೊಯ್ಯಿರಿ. ಎಂಟು ಹತ್ತು ಎಳೆತಗಳಿಗೆ ಎಂಜಿನ್ ಸದ್ದೇ ಮಾಡದಿದ್ದರೆ ಎಳೆಯುವುದನ್ನು ನಿಲ್ಲಿಸಿ. ಅದಕ್ಕಿಂತ ಹೆಚ್ಚು ಎಳೆದರೆ ನೀವು ಬೆವರುತ್ತೀರಿ, ಮೈನಸ್ 25 ಡಿಗ್ರಿಯಲ್ಲಿ ಒದ್ದೆಯಾದ ಒಳಬಟ್ಟೆ ಕೂಡಲೇ ಮೈಯನ್ನು ತಣ್ಣಗಾಗಿಸುತ್ತದೆ. ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು, ಅದರಲ್ಲೂ ಮನೆಯಿಂದ ದೂರದ ಕೆರೆಯ ಮೇಲೆ ನಿಂತಿರುವಾಗ.

ಪ್ಲಗ್ ಬಿಚ್ಚಿದರೆ ಅರ್ಧ ಉತ್ತರ ಸಿಗುತ್ತದೆ

ಇನ್ನು ಮುಂದಿನ ಹುಡುಕಾಟವೆಲ್ಲ ಸ್ಪಾರ್ಕ್ ಪ್ಲಗ್ಗಿನ ತುದಿಯನ್ನು ನೋಡುವುದರಿಂದ ಶುರುವಾಗಬೇಕು. ಪ್ಲಗ್ ಪಾನಾದಿಂದ ಎರಡೂ ಸಿಲಿಂಡರುಗಳ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂಬುದು ಅದಲುಬದಲಾಗದಂತೆ ಇಟ್ಟುಕೊಳ್ಳಿ. ತುದಿ ಒದ್ದೆಯಾಗಿದೆಯೋ ಒಣಗಿದೆಯೋ ಎಂಬ ಒಂದೇ ಪ್ರಶ್ನೆ ದಾರಿಯನ್ನು ಎರಡಾಗಿ ಒಡೆಯುತ್ತದೆ.

ಬರಿಗೈಯಲ್ಲಿ ಈ ಕೆಲಸ ಮಾಡಬೇಡಿ. ಪೆಟ್ರೋಲ್ ನೀರಿನಂತೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಮೈನಸ್ 30 ಡಿಗ್ರಿಯಲ್ಲಿಯೂ ದ್ರವವಾಗಿಯೇ ಉಳಿದು, ಚರ್ಮದ ಮೇಲೆ ಬಿದ್ದ ಕೂಡಲೇ ಅಷ್ಟೂ ತಂಪನ್ನು ಬೆರಳಿಗೆ ದಾಟಿಸುತ್ತದೆ, ಜೊತೆಗೆ ಆವಿಯಾಗುತ್ತ ಇನ್ನಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಬೆರಳ ತುದಿ ಮೇಣದಂತೆ ಬಿಳಿಚಿಕೊಂಡು ಸ್ಪರ್ಶ ಕಳೆದುಕೊಳ್ಳುತ್ತದೆ. ಪೆಟ್ರೋಲಿಗೆ ಕರಗದ ತೆಳು ರಬ್ಬರ್ ಕೈಗವಸನ್ನು ಒಳಗೆ, ಬೆಚ್ಚನೆಯದನ್ನು ಹೊರಗೆ ಹಾಕಿಕೊಳ್ಳುವುದು ನನ್ನ ರೂಢಿ.

ಪ್ಲಗ್ ತೊಯ್ದು ತೊಟ್ಟಿಕ್ಕುವಂತಿದ್ದರೆ ಪೆಟ್ರೋಲ್ ಬರುತ್ತಿದೆ, ಅಗತ್ಯಕ್ಕಿಂತ ಹೆಚ್ಚೇ ಬಂದಿದೆ. ನಮ್ಮಲ್ಲಿ ಮೆಕ್ಯಾನಿಕ್‌ಗಳು ಓವರ್‌ಫ್ಲೋ ಎನ್ನುವುದು ಇದನ್ನೇ. ಚೋಕನ್ನು ಕೆಳಗಿಳಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಕಿಲ್ ಸ್ವಿಚ್ ಒತ್ತಿ, ಪ್ಲಗ್‌ಗಳನ್ನು ಅವುಗಳ ವೈರಿನ ತುದಿಯ ಟೋಪಿಗೆ ಸಿಕ್ಕಿಸಿ, ಸಿಲಿಂಡರಿನ ರಂಧ್ರಗಳಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗುವಂತೆ ಇಡಿ. ಥ್ರಾಟಲನ್ನು ಪೂರ್ತಿ ಒತ್ತಿ ಹಿಡಿದು ಹತ್ತು ಸಲ ಹಗ್ಗ ಎಳೆದರೆ ಒಳಗೆ ನಿಂತಿದ್ದ ಪೆಟ್ರೋಲ್ ಮಂಜಿನಂತೆ ಹೊರಚಿಮ್ಮುತ್ತದೆ. ಮುಖವನ್ನು ಆ ರಂಧ್ರಗಳ ಮುಂದೆ ಇಡಬಾರದು, ಹತ್ತಿರದಲ್ಲಿ ಬೆಂಕಿ ಇರಬಾರದು. ಆಮೇಲೆ ಹೊಸ ಪ್ಲಗ್ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ. ಒದ್ದೆಯಾದ ಹಳೆಯ ಪ್ಲಗ್ಗನ್ನು ಒರೆಸಿ ಹಾಕಿದರೂ ನಡೆಯುವುದುಂಟು, ಆದರೆ ಅದರ ಪಿಂಗಾಣಿಯ ಮೇಲೆ ಒಮ್ಮೆ ಮಸಿ ಮತ್ತು ಎಣ್ಣೆ ಹಿಡಿದರೆ ಕಿಡಿ ತುದಿಯಲ್ಲಿ ಹಾರುವ ಬದಲು ಆ ಮಸಿಯ ಮೂಲಕವೇ ಸೋರಿಹೋಗುತ್ತದೆ. ಅಗ್ಗದ ಈ ವಸ್ತುವಿನ ಒಂದು ಹೆಚ್ಚುವರಿ ಜೊತೆ ಗಾಡಿಯ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

ಒದ್ದೆಯಾಗಿರುವ ಪ್ಲಗ್ ಕಿಡಿಯ ಕೊರತೆಯನ್ನೂ ಸೂಚಿಸಬಹುದು. ಪರೀಕ್ಷಿಸಲು, ಒಳಗಿನದನ್ನು ಹೊರಹಾಕಿ, ಸುತ್ತಲಿನ ಪೆಟ್ರೋಲ್ ಆರಿದ ಮೇಲೆ, ಸಿಲಿಂಡರಿನ ರಂಧ್ರಗಳ ಬಾಯಿಯನ್ನು ಹಳೆಯ ಪ್ಲಗ್‌ಗಳಿಂದಲೇ ಮುಚ್ಚಿ. ಹೊಸ ಪ್ಲಗ್‌ಗಳನ್ನು ಟೋಪಿಗೆ ಸಿಕ್ಕಿಸಿ, ಎರಡೂ ಲೋಹಕ್ಕೆ ತಾಗುವಂತಿಟ್ಟು, ಕಿಲ್ ಸ್ವಿಚ್ ಮೇಲೆತ್ತಿ ಹಗ್ಗ ಎಳೆದರೆ, ನೆರಳಿನಲ್ಲಿ ನೀಲಿ ಕಿಡಿ ಚಟಪಟನೆ ಹಾರುವುದು ಕಾಣಬೇಕು. ಒಂದನ್ನು ಗಾಳಿಯಲ್ಲಿ ತೂಗಲು ಬಿಟ್ಟರೆ ಹೋಗಲು ದಾರಿ ಸಿಗದ ಅಧಿಕ ವೋಲ್ಟೇಜ್, ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್ಲನ್ನೇ ಸುಡಬಹುದು. ಎರಡರಲ್ಲಿಯೂ ಕಿಡಿ ಇಲ್ಲದಿದ್ದರೆ ಮೊದಲ ಸಂಶಯ ಕಿಲ್ ಸ್ವಿಚ್ ಮತ್ತು ಸುರಕ್ಷತಾ ದಾರದ ಸ್ವಿಚ್‌ಗಳ ಮೇಲಿರಲಿ. ಒಂದರಲ್ಲಿ ಮಾತ್ರ ಇಲ್ಲದಿದ್ದರೆ ಆ ಪ್ಲಗ್ಗಿನ ಟೋಪಿ ಸಡಿಲವಾಗಿರುತ್ತದೆ ಅಥವಾ ತುಕ್ಕು ಹಿಡಿದಿರುತ್ತದೆ.

ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಎಂಜಿನ್ ತಲುಪುತ್ತಿಲ್ಲ. ಆಗ ಟ್ಯಾಂಕಿನಿಂದ ಶುರುಮಾಡಿ ದಾರಿಯುದ್ದಕ್ಕೂ ಬನ್ನಿ. ಜುಲೈನಲ್ಲಿ ತುಂಬಿಸಿದ ಪೆಟ್ರೋಲ್ ಡಿಸೆಂಬರಿನಲ್ಲಿ ಕೆಲಸಕ್ಕೆ ಬಾರದಿರಲು ಎರಡು ಕಾರಣಗಳಿವೆ: ಒಂದು, ಹಳತಾದಂತೆ ಅದರ ಹಗುರ ಅಂಶಗಳು ಹಾರಿಹೋಗುತ್ತವೆ, ಇನ್ನೊಂದು, ಬೇಸಿಗೆಯಲ್ಲಿ ಬಂಕ್‌ಗಳಲ್ಲಿ ಮಾರುವ ಪೆಟ್ರೋಲಿನಲ್ಲಿ ಆ ಹಗುರ ಅಂಶಗಳು ಮೊದಲಿಗೇ ಕಡಿಮೆ. ಚಳಿಗಾಲಕ್ಕೆಂದು ಇಲ್ಲಿನ ರಿಫೈನರಿಗಳು ಬ್ಯೂಟೇನ್ ಹೆಚ್ಚು ಬೆರೆಸಿ ಬೇಗ ಆವಿಯಾಗುವ ಪೆಟ್ರೋಲ್ ಕಳಿಸುತ್ತವೆ. ಆದ್ದರಿಂದ ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ಹಾಕುವುದರಿಂದಲೇ ಎಷ್ಟೋ ಗಾಡಿಗಳು ಎದ್ದು ನಿಲ್ಲುತ್ತವೆ.

ನೀರಿನ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಚಳಿ ಏರಿದಂತೆ ಆ ಶಕ್ತಿ ಕುಗ್ಗಿ, ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೈಪಿನ ತಗ್ಗಿನಲ್ಲಿ ಅಥವಾ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿನಲ್ಲಿ ಒಂದು ಹನಿ ನೀರು ಹೆಪ್ಪುಗಟ್ಟಿದರೂ ಪೆಟ್ರೋಲ್ ಮೇಲೇರುವ ಸಣ್ಣ ತೂತಿನ ತಿರುಪಾದ ಜೆಟ್ಟಿನ ಬಾಯಿ ಮುಚ್ಚಿಹೋಗುತ್ತದೆ. ಬಟ್ಟಲಿನ ತಳದ ತಿರುಪನ್ನು ಬಿಚ್ಚಿ ಒಳಗಿರುವುದನ್ನು ಗಾಜಿನ ಸೀಸೆಗೆ ಇಳಿಸಿ, ಬೆಚ್ಚನೆಯ ಜಾಗದಲ್ಲಲ್ಲದೆ ಅಲ್ಲಿಯೇ ಹೊರಗೆ ಬೆಳಕಿಗೆ ಹಿಡಿದು ನೋಡಿ. ಪೆಟ್ರೋಲ್ ಒಂದೇ ಬಣ್ಣದಲ್ಲಿ ತಿಳಿಯಾಗಿರಬೇಕು. ತಳದಲ್ಲಿ ಬೇರೆಯಾಗಿ ಉರುಳಾಡುವ ಗುಳ್ಳೆಗಳು ಅಥವಾ ಐಸಿನ ಸಣ್ಣ ಹರಳುಗಳು ಕಂಡರೆ ಕಳ್ಳ ಸಿಕ್ಕಿಬಿದ್ದಂತೆಯೇ. ಹೆಪ್ಪುಗಟ್ಟಿದ ಕಾರ್ಬ್ಯುರೇಟರನ್ನು ಕರಗಿಸಲು ಬಿಸಿನೀರು ಸುರಿಯಬಾರದು, ಅದೇ ನೀರು ಹತ್ತು ನಿಮಿಷದಲ್ಲಿ ಎಲ್ಲ ಕೇಬಲ್‌ಗಳನ್ನೂ ಹೆಪ್ಪುಗಟ್ಟಿಸುತ್ತದೆ. ಬೆಂಕಿ ತೋರಿಸುವ ಮಾತಂತೂ ಬೇಡವೇ ಬೇಡ. ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಕಾರ್ಬ್ಯುರೇಟರಿಗೆ ಆನಿಸಿ, ಮೇಲೆ ಕಂಬಳಿ ಹೊದಿಸಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು.

ಟ್ಯಾಂಕಿನಲ್ಲಿ ಒಳ್ಳೆಯ ಪೆಟ್ರೋಲ್ ಇದ್ದು, ಬಟ್ಟಲು ಮಾತ್ರ ಖಾಲಿ ಇದ್ದರೆ ಪಂಪಿನ ಕಡೆ ನೋಡಿ. ಈ ಗಾಡಿಗಳ ಪೆಟ್ರೋಲ್ ಪಂಪ್ ಕ್ರ್ಯಾಂಕ್‌ಕೇಸಿನೊಳಗಿನ (ಪಿಸ್ಟನ್ನಿನ ಕೆಳಗಿನ ಎಂಜಿನ್ ಕೋಣೆಯೊಳಗಿನ) ಒತ್ತಡದ ಏರಿಳಿತದಿಂದಲೇ ನಡೆಯುತ್ತದೆ. ಆ ಏರಿಳಿತವನ್ನು ತಲುಪಿಸುವ ಬೆರಳುಗಾತ್ರದ ರಬ್ಬರ್ ಕೊಳವೆ ಚಳಿಗೆ ಗಟ್ಟಿಯಾಗಿ ಸೀಳಿದರೆ ಪಂಪ್ ನಿಂತಂತೆಯೇ. ಬಟ್ಟಲೂ ತುಂಬಿದ್ದು ಪ್ಲಗ್ ಒಣಗಿದ್ದರೆ ಮಾತ್ರ ಜೆಟ್‌ಗಳನ್ನು ಬಿಚ್ಚಿ. ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ರಂಧ್ರ ಎಷ್ಟು ಸಣ್ಣದೆಂದರೆ ಒಣಗಿದ ಪೆಟ್ರೋಲಿನ ಅಂಟು ಒಂದು ಪದರ ಹಿಡಿದರೂ ಅದು ಮುಚ್ಚುತ್ತದೆ. ಆಕಾಶಕ್ಕೆ ಹಿಡಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು.

ಎಂಜಿನ್ ಬೇಗ ಹೊತ್ತಿಕೊಳ್ಳಲೆಂದು ಬಳಸುವ ಈಥರ್ ಸ್ಪ್ರೇಯನ್ನು ಟು-ಸ್ಟ್ರೋಕ್ ಎಂಜಿನ್ನಿನೊಳಗೆ ಹೊಡೆಯಬೇಡಿ ಎಂದು ಒತ್ತಿ ಹೇಳುತ್ತೇನೆ. ಇಲ್ಲಿ ಪಿಸ್ಟನ್ನಿಗೂ ಬೇರಿಂಗ್‌ಗಳಿಗೂ ಎಣ್ಣೆ ಸಿಗುವುದು ಪೆಟ್ರೋಲ್ ಬರುವ ದಾರಿಯಲ್ಲೇ. ಈಥರ್ ಆ ಎಣ್ಣೆಯನ್ನು ತೊಳೆದು ಹಾಕಿ, ಒಣ ಲೋಹದ ಮೇಲೆ ಲೋಹ ಉಜ್ಜುವಂತೆ ಮಾಡುತ್ತದೆ. ಅದರ ಬದಲು ಟು-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲನ್ನು ಪ್ಲಗ್ ರಂಧ್ರದ ಮೂಲಕ ಒಂದೊಂದು ಸಿಲಿಂಡರಿಗೆ ಅರ್ಧ ಚಮಚದಷ್ಟು ಹಾಕಿ, ಪ್ಲಗ್ ಬಿಗಿದು ಎಳೆಯಿರಿ. ಕೆಲವು ಸೆಕೆಂಡು ಓಡಿ ನಿಂತರೆ ಕಿಡಿ, ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ಎರಡೂ ಇವೆ, ಕೊರತೆ ಪೆಟ್ರೋಲಿನದೇ ಎಂಬುದು ಸಾಬೀತಾಗುತ್ತದೆ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಹಗ್ಗ ಎಳೆಯುವುದು ಎಂದಿಗಿಂತ ಹಗುರವೆನಿಸುತ್ತಿದ್ದರೆ ಕಂಪ್ರೆಶನ್ ಅಳೆಯಬೇಕು. ಥ್ರಾಟಲ್ ಪೂರ್ತಿ ತೆರೆದು ಅಳೆದಾಗ ಸಾಮಾನ್ಯವಾಗಿ 110ರಿಂದ 130 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಸುತ್ತಮುತ್ತ ಬರುತ್ತದೆ. ಎತ್ತರದ ಪ್ರದೇಶದಲ್ಲಿ ಇನ್ನೂ ಕಡಿಮೆ. ಎರಡು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ರಿಂಗ್ ಅಥವಾ ಪಿಸ್ಟನ್ ಸವೆದಿದೆ, ಗಾಡಿಯನ್ನು ಮೆಕ್ಯಾನಿಕ್ ಬಳಿ ಒಯ್ಯುವುದೇ ಸರಿ.

ಬ್ಯಾಟರಿ, ಇಂಜೆಕ್ಷನ್, ಆಯಿಲ್

ಸೆಲ್ಫ್ ಸ್ಟಾರ್ಟ್ ಇರುವ ಗಾಡಿಗಳಲ್ಲಿ ಮೈನಸ್ 18 ಡಿಗ್ರಿಯ ಹೊತ್ತಿಗೆ ಬ್ಯಾಟರಿಯ ಸಾಮರ್ಥ್ಯ ಸುಮಾರು ಅರ್ಧಕ್ಕಿಳಿದಿರುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಎಂಜಿನ್ ಆಯಿಲ್ ಅದರಿಂದ ಹೆಚ್ಚು ಕೆಲಸ ಕೇಳುತ್ತದೆ. ಚಾರ್ಜ್ ಪೂರ್ತಿ ಇರುವ ಬ್ಯಾಟರಿ ನಿಂತ ಸ್ಥಿತಿಯಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು. ಚಾರ್ಜ್ ಇಳಿದ ಬ್ಯಾಟರಿಯೊಳಗಿನ ದ್ರವ ಬಹುಮಟ್ಟಿಗೆ ನೀರೇ ಆಗಿರುವುದರಿಂದ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಪಕ್ಕಗಳು ಉಬ್ಬಿದ ಬ್ಯಾಟರಿಗೆ ಚಾರ್ಜರ್ ಜೋಡಿಸುವುದಾಗಲಿ, ಬೇರೆ ಬ್ಯಾಟರಿಯಿಂದ ಜಂಪ್ ಕೊಡುವುದಾಗಲಿ ಮಾಡಬೇಡಿ, ಅದು ಸಿಡಿಯಬಹುದು.

ಇಂಜೆಕ್ಷನ್ ಗಾಡಿಗಳಿಗೆ ಚೋಕ್ ಬೇಕಿಲ್ಲ. ಬ್ಯಾಟರಿ ಇದ್ದರೆ ಕೀಲಿ ತಿರುಗಿಸಿದ ಕೂಡಲೇ ಪಂಪ್ ಎರಡು ಮೂರು ಸೆಕೆಂಡು ಗುಂಯ್‌ಗುಡುವುದನ್ನು ಕೇಳಿಸಿಕೊಳ್ಳಿ. ಬ್ಯಾಟರಿ ಇಲ್ಲದ ಮಾದರಿಗಳಲ್ಲಿ ಕಂಪ್ಯೂಟರಿಗೂ ಪಂಪಿಗೂ ವಿದ್ಯುತ್ ಸಿಗುವುದು ನೀವು ಹಗ್ಗ ಎಳೆದಾಗಲೇ, ಆದ್ದರಿಂದ ಅರೆಮನಸ್ಸಿನ ಎಳೆತಗಳಿಂದ ಅವು ಏಳುವುದಿಲ್ಲ. ಫೋರ್-ಸ್ಟ್ರೋಕ್ ಆಗಿದ್ದರೆ ಕೈಪಿಡಿಯಲ್ಲಿ ಹೇಳಿರುವ 0ಡಬ್ಲ್ಯು ದರ್ಜೆಯ, ಅಂದರೆ ಕಡು ಚಳಿಯಲ್ಲೂ ಸುಲಭವಾಗಿ ಹರಿಯುವ, ಸಿಂಥೆಟಿಕ್ ಆಯಿಲ್ಲನ್ನೇ ಹಾಕಬೇಕು.

ಎಂಜಿನ್ ಹೊತ್ತಿಕೊಂಡ ಮೇಲೆ

ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಬಿಸಿಯಾಗಲು ಬಿಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆ ತಿರುಗುವುದು ಗೊತ್ತಾಗುವ ಹೊತ್ತಿಗೆ ಹೊರಬರುವ ಶಕ್ತಿ ಉಳಿದಿರುವುದಿಲ್ಲ.

ಹೊರಡುವ ಮೊದಲು ಟ್ರ್ಯಾಕ್ ನೆಲಕ್ಕೆ ಅಂಟಿಲ್ಲವೆಂದು ನೋಡಿಕೊಳ್ಳಿ. ರಾತ್ರಿ ಕರಗಿದ ಹಿಮದ ಮೇಲೆ ನಿಂತ ರಬ್ಬರ್ ಟ್ರ್ಯಾಕ್ ಬೆಳಗ್ಗೆ ಕಲ್ಲಿನಂತೆ ಹಿಡಿದುಕೊಂಡಿರುತ್ತದೆ. ಥ್ರಾಟಲ್ ಒತ್ತಿ ಬಿಡಿಸಲು ಹೋದರೆ ಎಂಜಿನ್ನಿನ ಬಲವನ್ನು ಟ್ರ್ಯಾಕಿಗೆ ದಾಟಿಸುವ ಬೆಲ್ಟ್ ಒಂದೇ ಜಾಗದಲ್ಲಿ ಉಜ್ಜಿ ಸುಟ್ಟುಹೋಗುತ್ತದೆ. ಆದ್ದರಿಂದ ಎಂಜಿನ್ ಆರಿಸಿಯೇ ಹಿಂಬದಿಯ ಹಿಡಿಯನ್ನು ಹಿಡಿದು ಗಾಡಿಯನ್ನು ಎತ್ತಿ ಬಿಡಿ, ಮುಂದಿನ ಸ್ಕೀಗಳನ್ನು ಎಡಕ್ಕೂ ಬಲಕ್ಕೂ ಜಗ್ಗಿ ಬಿಡಿಸಿ. ಸೊಂಟಕ್ಕೆ ಭಾರ ಬೀಳದಂತೆ ಮಂಡಿ ಬಗ್ಗಿಸಿ ಎತ್ತಬೇಕು. ಇಬ್ಬರಿದ್ದರೆ ಇನ್ನೂ ಒಳ್ಳೆಯದು.

ಹಿಂದಿನ ಸಂಜೆಯ ಕೆಲಸ

ಬೆಳಗಿನ ಈ ಕಷ್ಟಗಳಲ್ಲಿ ಹೆಚ್ಚಿನವು ಹಿಂದಿನ ಸಂಜೆ ಹತ್ತು ನಿಮಿಷ ಉಳಿಸಲು ಹೋಗಿ ಬಂದವು ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಮನದಟ್ಟಾಗಿದೆ. ಸವಾರಿ ಮುಗಿಸಿದ ಮೇಲೆ ಟ್ರ್ಯಾಕಿನ ಒಳಗೆ, ಸ್ಕೀಗಳ ಸಂದುಗಳಲ್ಲಿ ಮತ್ತು ಥ್ರಾಟಲ್ ಲಿವರಿನ ಸುತ್ತ ಕುಳಿತ ಹಿಮವನ್ನು ಕರಗುವ ಮೊದಲೇ ಕೊಡವಿಬಿಡಬೇಕು. ಟ್ರ್ಯಾಕ್ ಮತ್ತು ಸ್ಕೀಗಳ ಕೆಳಗೆ ಮರದ ಹಲಗೆಗಳನ್ನು ಕೊಡಿ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ಗೋಡೆಗಳ ಮೇಲೆ ಹನಿಗಟ್ಟಿ ಪೆಟ್ರೋಲಿಗೆ ಇಳಿಯುವುದರಿಂದ, ಮನೆಗೆ ಮರಳುವ ದಾರಿಯಲ್ಲೇ ತುಂಬಿಸಿಕೊಳ್ಳಿ. ಬಿಸಿಯಾದ ಗ್ಯಾರೇಜಿಗೆ ಅರ್ಧ ಗಂಟೆ ತಂದು ಮತ್ತೆ ಹೊರಗೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಏಕೆಂದರೆ ತಣ್ಣನೆಯ ಲೋಹದ ಮೇಲೆ ಕೂತ ತೇವವೆಲ್ಲ ಹೊರಗೆ ಬಂದೊಡನೆ ಕೇಬಲ್‌ಗಳಲ್ಲಿ ಐಸ್ ಆಗುತ್ತದೆ. ಒಳಗೆ ತಂದರೆ ಪೂರ್ತಿ ಒಣಗುವ ತನಕ ಅಲ್ಲಿಯೇ ಇರಲಿ.

ಗಾಡಿಯನ್ನು ಟ್ರೇಲರಿನಲ್ಲಿ ಸಾಗಿಸುವುದಿದ್ದರೆ ಏರಿಸಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚಿ. ರಸ್ತೆಯ ಕುಲುಕಾಟಕ್ಕೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಮೇಲೆ ಕೆಳಗೆ ಹಾರುತ್ತ ಪ್ರತಿ ಸಲ ಒಂದಿಷ್ಟು ಪೆಟ್ರೋಲನ್ನು ಒಳಗೆ ಬಿಡುತ್ತದೆ, ಮೂರು ಗಂಟೆಯ ಪ್ರಯಾಣ ಮುಗಿದು ಹಗ್ಗ ಎಳೆಯುವ ಹೊತ್ತಿಗೆ ಕ್ರ್ಯಾಂಕ್‌ಕೇಸ್ ತುಂಬಿ ನಿಂತಿರುತ್ತದೆ.